ಮೈಕಿನಲ್ಲಿ ನನ್ನ ಹೆಸರು

ಚುನಾವಣೆಯಲ್ಲಿ ಸೋತವನಿಗೆ ಎಲ್ಲರೂ ಸಮಾಧಾನ ಹೇಳುತ್ತಾರೆ. ಕುರ್ಚಿ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ ಎನ್ನುತ್ತಾರೆ. ಕುರ್ಚಿ ಹೋದದ್ದಕ್ಕೆ ನಾನೇನೂ ಅಳಲಿಲ್ಲ. ಪಾಲಿಕೆಯ ಸಭೆಯಲ್ಲಿ ಕೂತದ್ದಕ್ಕಿಂತ ಎದ್ದು ನಿಂತು ಕೂಗಾಡಿದ್ದೇ ಹೆಚ್ಚು. ಸೋತ ಮೇಲೆ ನನ್ನನ್ನು ಕಾಡಿದ್ದು ಮದುವೆಮನೆಯ ಮೈಕು.

ನಮ್ಮ ಬೆಳಗಾವಿ ಕಡೆ ಒಂದು ಪದ್ಧತಿ. ನಾಲ್ಕು ಜನಕ್ಕೆ ಗೊತ್ತಿರುವ ಮನುಷ್ಯ ಮಂಗಲ ಕಾರ್ಯಾಲಯದೊಳಗೆ ಕಾಲಿಟ್ಟ ಕೂಡಲೇ ಮೈಕು ಹಿಡಿದವನು, 'ನಮ್ಮ ಜನಪ್ರಿಯ ನಗರಸೇವಕರು ಆಗಮಿಸಿದ್ದಾರೆ, ಅವರಿಗೆ ಹಾರ್ದಿಕ ಸ್ವಾಗತ' ಎಂದು ಸಾರುತ್ತಾನೆ. ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಮರಾಠಿಯಲ್ಲಿ. ಗಡಿಭಾಗದಲ್ಲಿ ಮರ್ಯಾದೆಯೂ ಡಬಲ್. ವಡಗಾವಿಯ ಓಣಿಯಲ್ಲಿ ಸೀರೆ ವ್ಯಾಪಾರ ಮಾಡಿಕೊಂಡಿದ್ದ ನಾನು ಒಂದು ದಿನ ಮುಚ್ಚಳವಿಲ್ಲದ ಗಟಾರದಲ್ಲಿ ಬಿದ್ದೆ. ಆ ಸಿಟ್ಟಿನಲ್ಲೇ ಪಾಲಿಕೆ ಚುನಾವಣೆಗೆ ನಿಂತು ಗೆದ್ದು ನಗರಸೇವಕನೂ ಆಗಿಬಿಟ್ಟೆ. ಓಣಿಯ ಗಟಾರಗಳಿಗೆಲ್ಲ ಮುಚ್ಚಳ ಹಾಕಿಸಿದೆ, ಬೀದಿದೀಪ ಹಾಕಿಸಿದೆ, ಜೊತೆಗೆ ಈ ಮೈಕಿನ ಚಟವನ್ನೂ ಅಂಟಿಸಿಕೊಂಡೆ. ಮುಂದಿನ ಚುನಾವಣೆಯಲ್ಲಿ ಜನ ಕೈಬಿಟ್ಟರು. ಹೆಂಡತಿ ಮಹಾನಂದಾಳ ಪ್ರಕಾರ ಮುಚ್ಚಳ ಹಾಕಿಸಿದ್ದೇ ತಪ್ಪು. "ಗಟಾರ ತೆರದ ಇದ್ದಿದ್ರ ಮಂದಿ ದಿನಾ ನಿಮ್ಮನ್ನ ನೆನಸ್ತಿದ್ರು. ಮುಚ್ಚಿದ್ರಿ, ಮರತ್ರು" ಎನ್ನುತ್ತಾಳೆ.

ಆಗಲೇ ಖಾನಾಪುರದಲ್ಲಿ ಅವಳ ತಮ್ಮ ಬಾಳಪ್ಪನ ಮಗಳ ಮದುವೆ ಬಂತು. ಸೋತ ಮೇಲೆ ನಾನು ಹೋಗಬೇಕಾದ ಮೊದಲ ಮದುವೆ. ವಾರ್ಡಿನವರು ಮರೆತರೆ ಮರೆಯಲಿ; ಹೆಂಡತಿಯ ತವರಿನವರೂ ಮರೆತರೆ ಬೀಗರೆದುರು ಮುಖ ಎಲ್ಲಿಟ್ಟುಕೊಳ್ಳುವುದು? ನಾಚಿಕೆ ಬಿಟ್ಟು ಬಾಳಪ್ಪನಿಗೆ ಫೋನ್ ಮಾಡಿದೆ. ಅಡುಗೆ, ಆಹ್ವಾನ ಎಂದೆಲ್ಲ ವಿಚಾರಿಸುತ್ತ ನಡುವೆ ಮೈಕಿನ ಮಾತು ತೂರಿಸಿದೆ.

"ಮಾಜಿ ಅನ್ನೂ ಶಬ್ದ ಒಂದ ಬ್ಯಾಡೋ ಮಾರಾಯಾ. ಬರೇ ಹೆಸರ ಹೇಳಿಸಿದ್ರ ಸಾಕು."

"ಅಷ್ಟ ಹೌದಲ್ರಿ ಮಾಮಾ? ಹೇಳಸ್ತೀನ್ರಿ, ಚಿಂತಿ ಬಿಡ್ರಿ" ಎಂದ.

ಮದುವೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ. ಹಳೆಯ ರೂಢಿಯಂತೆ ಕಾರನ್ನು ಗೇಟಿನ ಬಾಯಿಗೇ ನಿಲ್ಲಿಸಿ ಬಾಗಿಲಲ್ಲಿ ನಿಂತೆ. ಮೈಕು ಒಬ್ಬ ನಿವೃತ್ತ ಮಾಸ್ತರರನ್ನು ಸ್ವಾಗತಿಸಿತು, ಹಾಲಿನ ಡೇರಿಯ ಅಧ್ಯಕ್ಷರನ್ನು ಸ್ವಾಗತಿಸಿತು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿ, ಮತ್ತೆ ಬಿಟ್ಟೆ. ಎರಡು ದಿನ ಮೊದಲೇ ಬಂದಿದ್ದ ಮಹಾನಂದಾ ಅದನ್ನು ನೋಡಿದಳು.

"ಅಲ್ರೀ, ಎಷ್ಟ ಸಲ ಚಪ್ಪಲಿ ಬಿಡ್ತೀರಿ? ಒಳಗ ಬರ್ರಿ, ಅಕ್ಕಿಕಾಳ ಹೊತ್ತಾತು."

ಬಾಳಪ್ಪ ಜಾರುವ ರುಮಾಲು ಹಿಡಿದುಕೊಂಡು ಎದುರಿಗೇ ಓಡಿ ಬಂದ, ನನಗೆ ಕೈಮುಗಿದ, ಹಾಗೇ ಓಡಿ ಹೋದ. ಮಗಳ ಮದುವೆಯ ಗಡಿಬಿಡಿಯಲ್ಲಿ ಪಾಪ, ಪೂರ್ತಿ ಮರೆತಿದ್ದ. ಅಕ್ಷತೆ ಹಾಕಿ ಊಟದ ಪಂಕ್ತಿಯ ಮೂಲೆಯಲ್ಲಿ ಕುಳಿತೆ. ನಿಜ ಹೇಳುತ್ತೇನೆ, ಸೋತ ದಿನಕ್ಕಿಂತ ಹೆಚ್ಚು ನೋವಾಯಿತು. ಮಹಾನಂದಾ ಪಕ್ಕಕ್ಕೆ ಬಂದು ಕೂತಳು.

"ಯಾರ ಕೂಗದಿದ್ರ ಏನಾತು? ನೀವು ಬಂದೀರಿ ಅಂತ ನನಗ ಗೊತ್ತೈತೆಲ್ಲ" ಎಂದಳು.

ಎಲೆಗೆ ಪಲ್ಯ ಬಿತ್ತು, ಹೋಳಿಗೆ ಬಿತ್ತು, ಅನ್ನ ಮಾತ್ರ ಬರಲಿಲ್ಲ. ಜನ ಗುಜುಗುಜು ಶುರು ಮಾಡಿದರು. ಅಷ್ಟರಲ್ಲಿ ಮೈಕು ಕೆಮ್ಮಿತು.

"ವಡಗಾವಿಯ ಮಾಜಿ ನಗರಸೇವಕರಾದ ಈರಣ್ಣನವರು ಎಲ್ಲಿದ್ರೂ ಲಗೂನ ಗೇಟಿನ ಕಡೆ ಬರಬೇಕು. ನಿಮ್ಮ ಕಾರ ಅಡ್ಡ ನಿಂತೈತಿ, ಅನ್ನದ ಟೆಂಪೋ ಒಳಗ ಬರವಲ್ದು."

ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಬೀಗರೂ ತಿರುಗಿದರು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಏಳ್ರೀ! ಮಂದಿ ಉಪಾಸ ಕುಂತೈತಿ" ಎಂದು ಮಹಾನಂದಾ ಮೊಣಕೈಯಿಂದ ತಿವಿದಳು.

"ತಡಿಯ" ಎಂದೆ, "ಇನ್ನ ಮರಾಠಿಯೊಳಗ ಹೇಳಿಲ್ಲ."