ಕಾಂಪೌಂಡಿನ ಮೂಲೆಯ ಚೌಡಿ

ಕಾನೂನಿನ ಮೇಲೆ ನನಗೆ ಅತಿಯಾದ ನಂಬಿಕೆ. ಇದೊಂದು ಕಾಯಿಲೆ, ಪೆಟ್ಟು ತಿಂದರೂ ವಾಸಿಯಾಗುವುದಿಲ್ಲ, ಮನೆಯವರಿಗೂ ನೆಮ್ಮದಿ ಕೊಡುವುದಿಲ್ಲ. ಇಲ್ಲದಿದ್ದರೆ ಎದುರುಮನೆಯ ಶೇಷಪ್ಪ ಓಣಿಯನ್ನು ಒತ್ತಿ ಕಾಂಪೌಂಡು ಕಟ್ಟಿದಾಗ ಸುಮ್ಮನಿರುತ್ತಿದ್ದೆ. ಮೊದಲೇ ಇಕ್ಕಟ್ಟಾದ ಓಣಿ. ಗೋಡೆ ಎದ್ದ ಮೇಲೆ ಆಟೋ ಬರುವುದೇ ನಿಂತಿತು. ನನ್ನ ಹೆಂಡತಿ ಜಾನಕಿಗೆ ಮಂಡಿ ಸವೆದಿದೆ. ತೀರ್ಥಹಳ್ಳಿಯ ಆಸ್ಪತ್ರೆಗೆ ಹೋಗುವ ದಿನ ಅವಳು ನನ್ನ ತೋಳು ಹಿಡಿದು, ಹಲ್ಲು ಕಚ್ಚಿಕೊಂಡು ದೊಡ್ಡ ರಸ್ತೆಯವರೆಗೆ ನಡೆಯುವುದನ್ನು ನೋಡಲಾರದೆ ಪಂಚಾಯಿತಿಗೆ ದೂರು ಕೊಟ್ಟೆ.

"ಎಂತಕ್ಕೆ ಬೇಕಿತ್ತು? ಎದುರುಮನೆಯವ್ರ ಹತ್ರ ಜಗಳ ಮಾಡ್ಕೊಂಡು ಬದುಕಕ್ಕಾಗ್ತದಾ?" ಎಂದಳು. ನಾನು ಸಂವಿಧಾನದ ಬಗ್ಗೆ ನಾಲ್ಕು ಮಾತು ಹೇಳಿದೆ. ಅವಳು ಮಂಡಿಗೆ ಎಣ್ಣೆ ಹಚ್ಚಿಕೊಂಡಳು.

ಆಗುಂಬೆಯ ಕಡೆಯಿಂದ ಮೋಡ ಬಂತೆಂದರೆ ನಮ್ಮಲ್ಲಿ ಕಾನೂನೂ ಕಂಬಳಿ ಹೊದ್ದು ಮಲಗುತ್ತದೆ. ಮಳೆಗಾಲ ಕಳೆದ ಮೇಲೆ ಇಂಜಿನಿಯರ್ ಟೇಪು ಹಿಡಿದು, ಜೆಸಿಬಿ ಕರೆದುಕೊಂಡು ಬಂದರು. ನೋಡಿದರೆ ಶೇಷಪ್ಪನ ಗೋಡೆಯ ಮೂಲೆಗೆ ಒರಗಿ ಒಂದು ಕಲ್ಲು! ಮೈತುಂಬ ಕುಂಕುಮ, ನೆತ್ತಿಯ ಮೇಲೆ ದಾಸವಾಳ. ಹಿಂದಿನ ದಿನ ಅದು ಅಲ್ಲಿರಲಿಲ್ಲ.

"ಚೌಡಿ" ಎಂದ ಶೇಷಪ್ಪ, ಕೈಮುಗಿದು. "ಅಜ್ಜನ ಕಾಲದ್ದು. ಮಣ್ಣಲ್ಲಿ ಹೂತೋಗಿತ್ತು, ಈಗ ಎದ್ದು ಬಂದಿದಾಳೆ."

ಚೌಡಿಯೆಂದರೆ ನಮ್ಮಲ್ಲಿ ಗಡಿ ಕಾಯುವ ತಾಯಿ. ಅವಳ ಕಲ್ಲು ಅಲುಗಿಸಿದವರು ಉದ್ಧಾರವಾಗುವುದಿಲ್ಲ. ಜೆಸಿಬಿಯ ಡ್ರೈವರು ಕೆಳಗಿಳಿದು ಚಪ್ಪಲಿ ಕಳಚಿದ. "ನಂಗೆ ಹೆಂಡ್ತಿ ಮಕ್ಕಳಿದಾರೆ ಸಾರ್, ಬೇಕಾದ್ರೆ ಕೆಲಸ ಬಿಡ್ತೀನಿ." ಇಂಜಿನಿಯರ್ ನನ್ನ ಕಡೆ ತಿರುಗಿ, "ನೀವೇ ಆ ಕಲ್ಲು ಸ್ವಲ್ಪ ಆಚೆ ಇಡಿ ಮೇಷ್ಟ್ರೇ" ಎಂದರು. ನಾನು ವಿಜ್ಞಾನ ಪಾಠ ಮಾಡಿದವನು, ಮೂಢನಂಬಿಕೆಯ ವಿರುದ್ಧ ಶಾಲೆ ಶಾಲೆಗೆ ಹೋಗಿ ಭಾಷಣ ಬಿಗಿದವನು. ಗತ್ತಿನಿಂದ ಒಂದು ಹೆಜ್ಜೆ ಮುಂದಿಟ್ಟೆ. ಜಗಲಿಯಿಂದ ಜಾನಕಿ, "ಅಯ್ಯೋ, ಬ್ಯಾಡ್ರೀ!" ಎಂದಳು. ಅಷ್ಟಕ್ಕೇ ಕಾದಿದ್ದವನಂತೆ ಹಿಂದೆ ಸರಿದೆ.

ದೂರು ಬಂದ ಮೇಲೆ ಏನನ್ನಾದರೂ ಕೆಡವಲೇಬೇಕಲ್ಲ. ಟೇಪು ನಮ್ಮ ಮನೆಯ ಕಡೆ ತಿರುಗಿತು. ನಮ್ಮ ಜಗಲಿಯ ಮೆಟ್ಟಿಲುಗಳೂ ಓಣಿಯೊಳಗೇ ಇದ್ದವಂತೆ. ಅವುಗಳ ಮೇಲೆ ಯಾವ ದೇವರೂ ಕೂತಿರಲಿಲ್ಲ. ಸಂಜೆ ಹೊತ್ತು ಜಾನಕಿ ಕೂರುತ್ತಿದ್ದಳು, ಅಷ್ಟೆ. ಕೆಂಪು ಕಲ್ಲುಗಳು ಉರುಳುವಾಗ ಅವಳು ಒಳಗೆ ಹೋದಳು. ನನಗೆ ಅಳು ಬಂತು.

ಮೆಟ್ಟಿಲು ಹೋದಷ್ಟು ಓಣಿ ಅಗಲವಾಗಿ ಈಗ ಆಟೋ ಬಾಗಿಲಿಗೇ ಬರುತ್ತದೆ. ಜಾನಕಿಗೆ ಜಗಲಿ ಇಳಿಯಲಾಗುವುದಿಲ್ಲ. ಸ್ಟೂಲು ಇಟ್ಟು, ಒಂದು ಕಡೆ ನಾನು, ಇನ್ನೊಂದು ಕಡೆ ಶೇಷಪ್ಪ ಹಿಡಿದು ಇಳಿಸುತ್ತೇವೆ. ಬೇರೆ ಯಾರನ್ನು ಕರೆಯುವುದು? ಮೊನ್ನೆ ಅವಳು ಸ್ಟೂಲಿನ ಮೇಲೆ ನಿಂತು ಕಲ್ಲಿಗೆ ಕೈಮುಗಿಯಹೋದಳು. ಎರಡೂ ಕೈ ನಮ್ಮ ಹಿಡಿತದಲ್ಲಿದ್ದವು. "ನನ್ನ ಪರವಾಗಿ ನೀವೇ ಮುಗಿದುಬಿಡಿ" ಎಂದಳು.

ಅವಳನ್ನು ಆಟೋದಲ್ಲಿ ಕೂರಿಸಿ, ಚಪ್ಪಲಿ ಕಳಚಿ, ಚೌಡಿಯ ಮುಂದೆ ಕಣ್ಣುಮುಚ್ಚಿ ನಿಂತೆ. ಪಕ್ಕದಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದ ಶೇಷಪ್ಪ, "ಬೇಗ ಮುಗ್ಸಿ ಮೇಷ್ಟ್ರೇ, ಆಟೋ ಕಾಯ್ತಿದೆ" ಎಂದ.