ಮೂರು ಕಿಲೋ ಒಂಬೈನೂರು ಗ್ರಾಂ

ಬೆನ್ನ ಮೇಲೆ ನಾಲ್ಕು ಕಿಲೋಗಿಂತ ಒಂದು ಗ್ರಾಂ ಹೆಚ್ಚಿಗೆ ಹೊತ್ತರೆ ತನ್ನ ಹೆಸರು ಹೇಮಚಂದ್ರನೇ ಅಲ್ಲ ಎಂದು ಹೇಮಚಂದ್ರ ಶಪಥ ಮಾಡಿದ. ಶಪಥ ನಡೆದದ್ದು ಡಬ್ಲಿನ್ ಹತ್ತಿರದ ನೇಸ್ ಊರಿನ ಅವನ ಮನೆಯ ಅಡುಗೆಮನೆಯಲ್ಲಿ. ಸಾಕ್ಷಿಗೆ ಇದ್ದವಳು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ನಿಂತಲ್ಲೇ ಬ್ರೆಡ್ ತಿನ್ನುತ್ತಿದ್ದ ಹೆಂಡತಿ, ಡಾಕ್ಟರ್ ಅರ್ಪಿತಾ.

"ಯಾಕ್ರೀ, ಬೆನ್ನು ನೋವಾ?" ಎಂದಳು.

"ನೋವಲ್ಲ ಅರ್ಪಿತಾ, ತತ್ವ."

ತತ್ವದ ಮೂಲ ಎದುರು ಮನೆಯ ಡೊನಾಲ್. ವಾರವಿಡೀ ಎಲೆಕ್ಟ್ರಿಷಿಯನ್, ಅಕ್ಟೋಬರ್ ಬಂತೆಂದರೆ ಲೈಸೆನ್ಸ್ ಇರುವ ಬೇಟೆಗಾರ. ವಿಕ್ಲೋ ಬೆಟ್ಟದಲ್ಲಿ ಒಬ್ಬ ರೈತನ ಜಮೀನಿನಲ್ಲಿ ಜಿಂಕೆ ಹೊಡೆಯಲು ಅವನಿಗೆ ಅನುಮತಿಯಿತ್ತು. ಹೇಮಚಂದ್ರನದು ಮನೆಯೊಳಗೆ ಬಂದ ಜೇಡವನ್ನೂ ಲೋಟದಲ್ಲಿ ಹಿಡಿದು ಅಂಗಳಕ್ಕೆ ಬೀಳ್ಕೊಡುವ ವಂಶ. ಅವನಿಗೆ ಕೋವಿ ಬೇಡ, ಮಾಂಸ ಬೇಡ. ಬೆಳಗಿನ ಮಂಜಿನಲ್ಲಿ ಕವಲುಗೊಂಬಿನ ಗಂಡು ಜಿಂಕೆಯೊಂದು ತಲೆ ಎತ್ತಿ ಕೂಗುವುದನ್ನು ನೋಡಬೇಕು, ಸೋಮವಾರ ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸಿನಲ್ಲಿ ಅದನ್ನು ವರ್ಣಿಸಬೇಕು, ಅಷ್ಟೆ. ವರ್ಣನೆಯ ಮೊದಲ ಎರಡು ವಾಕ್ಯ ಆಗಲೇ ಸಿದ್ಧವಾಗಿದ್ದವು.

ಡೊನಾಲ್ ಒಪ್ಪಿದ, ಆದರೆ ಷರತ್ತು ಹಾಕಿದ. ಮೂರು ಮೈಲಿ ನಡೆದು ಹೋಗಿ ಟೆಂಟ್ ಹಾಕಿ ಒಂದು ರಾತ್ರಿ ತಂಗಬೇಕು. ಅವರವರ ಹೊರೆ ಅವರವರದೇ. ಎಷ್ಟು ಜನ ಬಂದರೂ ಬೆಳಿಗ್ಗೆ ಕೋವಿಯ ಹಿಂದೆ ನಡೆಯಲು ಒಬ್ಬರಿಗೆ ಮಾತ್ರ ಜಾಗ.

"ಯಾರು ಸದ್ದಿಲ್ಲದೆ ಹೊರೆ ಹೊರ್ತಾರೋ ಅವರಿಗೆ ಆ ಜಾಗ," ಎಂದ ಡೊನಾಲ್. "ಜಿಂಕೆ ಬಿದ್ದರೆ ಕೆಳಗಿಳಿಸೋಕೆ ಬೆನ್ನು ಬೇಕಲ್ಲ."

ಅವತ್ತಿನಿಂದ ಅಡುಗೆಮನೆಯ ತಕ್ಕಡಿ ಹೇಮಚಂದ್ರನ ಮೇಜಿಗೆ ವರ್ಗವಾಯಿತು. ಒಂಬೈನೂರು ಗ್ರಾಮಿನ ಒಂಟಿ ಟೆಂಟ್ ಬಂತು. ಬೆಂಕಿಪೊಟ್ಟಣಕ್ಕಿಂತ ಹಗುರವಾದ ಟೈಟಾನಿಯಂ ಒಲೆ ಬಂತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಗರಗಸದಲ್ಲಿ ಕೊಯ್ದ. ಬನಿಯನ್ನಿನ ಲೇಬಲ್ ಕತ್ತರಿಸಿದ. ಇಷ್ಟೆಲ್ಲ ಮಾಡಿ, ಕೊನೆಗೆ ಊಟ, ನೀರು, ಗ್ಯಾಸ್ ಸೇರಿಸಿ ತೂಗಿದರೆ ಹನ್ನೊಂದು ಕಿಲೋ.

ಅವನು ಒಂದು ಸಂಜೆಯಿಡೀ ಮಂಕಾಗಿದ್ದ. ಆಮೇಲೆ ಹಗುರ ಪಯಣಿಗರ ಜಾಲತಾಣವೊಂದರಲ್ಲಿ ಮೋಕ್ಷ ಸಿಕ್ಕಿತು. ಊಟ, ನೀರು, ಇಂಧನ ಲೆಕ್ಕಕ್ಕಿಲ್ಲ, ಏಕೆಂದರೆ ಅವು ದಾರಿಯಲ್ಲಿ ಖರ್ಚಾಗುತ್ತವೆ ಎಂದು ಅಲ್ಲಿ ಬರೆದಿತ್ತು. ಲೆಕ್ಕಕ್ಕಿಲ್ಲದ ಮೇಲೆ ಅವು ತನ್ನ ಬೆನ್ನ ಮೇಲೆ ಯಾಕಿರಬೇಕು? ಹದಿನಾಲ್ಕು ವರ್ಷ ಡಬ್ಲಿನ್ನಿನಿಂದ ಬೆಂಗಳೂರಿಗೆ ಓಡಾಡಿದ ಅನುಭವ ಆಗ ಕೈಹಿಡಿಯಿತು. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಇಪ್ಪತ್ಮೂರು ಕಿಲೋ ದಾಟಿದರೆ ಏನು ಮಾಡುತ್ತಾರೆ? ಅಲ್ಲೇ ನೆಲದ ಮೇಲೆ ಬಿಚ್ಚಿ, ಹೆಚ್ಚಾದದ್ದನ್ನು ಹೆಂಡತಿಯ ಕೈಚೀಲಕ್ಕೆ ತುರುಕುತ್ತಾರೆ. ಕೈಚೀಲವನ್ನು ಯಾರೂ ತೂಗುವುದಿಲ್ಲ.

ಅವನಿಗೆ ಇದ್ದಕ್ಕಿದ್ದಂತೆ ಸಂಸಾರದ ಮೇಲೆ ಮಮತೆ ಉಕ್ಕಿತು. "ನೀನೂ ಮಾನ್ಯಾನೂ ಬನ್ನಿ ಅರ್ಪಿತಾ. ಬರೀ ಡ್ಯೂಟಿ ಡ್ಯೂಟಿ ಅಂತ ಸಾಯ್ತೀಯ. ಒಂದಿನ ಆರಾಮಾಗಿ ಇರು."

ಅರ್ಪಿತಾ ಕೇಳಿದಳು: "ಜಿಂಕೆ ನಂಗೂ ಕಾಣ್ಸತ್ತಾ?"

"ಕಾಣ್ಸತ್ತೆ, ಕಾಣ್ಸತ್ತೆ. ಆಮೇಲೆ ಕುಕ್ಕರ್ ತಗೊಂಡ್ಬಿಡು. ಪ್ಯಾಕೆಟ್ ಊಟ ನಂಗೆ ಗಂಟಲಲ್ಲಿ ಇಳಿಯಲ್ಲ."

ಶನಿವಾರ ಮಧ್ಯಾಹ್ನ ನಾಲ್ವರೂ ಬೆಟ್ಟ ಹತ್ತಿದರು. ಹೇಮಚಂದ್ರ ಕಟ್ಟು ಬಿಚ್ಚಿದ ಕರುವಿನಂತೆ ಮುಂದೆ ಮುಂದೆ. ಹಿಂದೆ ಹತ್ತು ವರ್ಷದ ಮಗಳು ಮಾನ್ಯಾ, ಅವಳ ಹಿಂದೆ ಡೊನಾಲ್. ಎಲ್ಲರಿಗಿಂತ ಹಿಂದೆ ಅರ್ಪಿತಾ, ಅವಳ ಬೆನ್ನ ಮೇಲೆ ಅವಳ ತಲೆಗಿಂತ ಎತ್ತರದ ಚೀಲ. ಅದರೊಳಗೆ ತಾಯಿ ಮಗಳ ಹಳೆಯ ಟೆಂಟ್, ಕುಕ್ಕರ್, ಅಕ್ಕಿ, ಬೇಳೆ, ನೀರು, ಗ್ಯಾಸ್, ಚಿತ್ರಾನ್ನದ ಡಬ್ಬಿ, ಮತ್ತು "ಹೇಗೂ ಜಾಗ ಇದೆಯಲ್ಲ" ಎಂದು ಹೇಮಚಂದ್ರ ಇಟ್ಟ ಅವನದೇ ಉಣ್ಣೆಯ ಸ್ವೆಟರ್.

"ಅರ್ಪಿತಾ, ನೀರು."

ಅವಳು ನಿಂತು, ಚೀಲ ಇಳಿಸಿ, ಕೊಟ್ಟು, ಮತ್ತೆ ಏರಿಸಿದಳು.

"ಅರ್ಪಿತಾ, ಒಂದು ಬಾಳೆಹಣ್ಣು." ಮತ್ತೆ ಇಳಿಸಿದಳು, ಮತ್ತೆ ಏರಿಸಿದಳು.

"ಡ್ಯಾಡ್, ನಿಂಗೂ ಬ್ಯಾಗ್ ಇದೆ ಅಲ್ವಾ," ಎಂದಳು ಮಾನ್ಯಾ. ಕನ್ನಡವನ್ನು ಅವಳು ಬೈಯುವುದಕ್ಕೆ ಮಾತ್ರ ಬಳಸುತ್ತಿದ್ದಳು.

ಎರಡು ಮೈಲಿ ಆದ ಮೇಲೆ ರೈತನ ಬೇಲಿಗೆ ಒಂದು ಕಬ್ಬಿಣದ ಗೇಟು ಸಿಕ್ಕಿತು. ಎಲ್ಲರೂ ನಿಂತರು. ಹೇಮಚಂದ್ರ ಕಾಯುತ್ತಿದ್ದ ಘಳಿಗೆ ಇದೇ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಅವನು ಈ ಕ್ಷಣಕ್ಕೆಂದೇ ತಂದಿದ್ದ. ಅಂದರೆ, ಅರ್ಪಿತಾ ತಂದಿದ್ದಳು. "ನೂರು ಗ್ರಾಂ ಇದೆ, ನಿನ್ನ ಬ್ಯಾಗಲ್ಲಿ ಇರ್ಲಿ" ಎಂದು ಅವನು ಬೆಳಿಗ್ಗೆ ಅವಳ ಚೀಲಕ್ಕೆ ಹಾಕಿದ್ದ.

ಅವಳು ಮೂರನೆಯ ಸಲ ಚೀಲ ಇಳಿಸಿ ತಕ್ಕಡಿ ಹುಡುಕಿ ಕೊಟ್ಟಳು. ಹೇಮಚಂದ್ರ ತನ್ನ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದ. "ನೋಡು ಡೊನಾಲ್. ಮೂರು ಕಿಲೋ ಒಂಬೈನೂರು."

"ಗ್ರ್ಯಾಂಡ್," ಎಂದ ಡೊನಾಲ್. ನಿಜವಾಗಿಯೂ ಮೆಚ್ಚಿದವನಂತೆ ತಲೆದೂಗಿದ. ಆಮೇಲೆ ತಕ್ಕಡಿಯನ್ನು ತಾನೇ ಇಸಿದುಕೊಂಡ. "ಡಾಕ್ಟರದು?"

"ಅದು ಲೆಕ್ಕಕ್ಕಿಲ್ಲ," ಎಂದುಬಿಟ್ಟ ಹೇಮಚಂದ್ರ. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಅವನ ಕಿವಿಗೇ ಕೇಳಿಸಿತು.

ಅಷ್ಟರಲ್ಲಿ ಡೊನಾಲ್ ಎರಡೂ ಕೈಯಲ್ಲಿ ಆ ಚೀಲ ಎತ್ತಿದ್ದ. ತಕ್ಕಡಿ ಹದಿನೇಳು ಕಿಲೋ ಆರುನೂರು ತೋರಿಸಿತು. ಗೇಟಿನಾಚೆ ಒಂದು ಕುರಿ ಮೇಯುವುದು ಬಿಟ್ಟು ಹೇಮಚಂದ್ರನನ್ನು ನೋಡಿತು.

"ನಾವಿನ್ನೂ ಜಿಂಕೆಯನ್ನೇ ಹೊಡೆದಿಲ್ಲ," ಎಂದ ಡೊನಾಲ್ ಮೆಲ್ಲಗೆ, "ಡಾಕ್ಟರ್ ಆಗಲೇ ಒಂದು ಹೊತ್ತು ತಂದಿದ್ದಾರೆ." ಆಮೇಲೆ ಅವಳ ಕಡೆ ತಿರುಗಿದ. "ನಾಳೆ ಆರೂವರೆಗೆ ರೆಡಿ ಇರಿ. ನನ್ನ ಹಿಂದೆ ನೀವು."

ಹೇಮಚಂದ್ರ ಚೀಲಕ್ಕೆ ಕೈ ಚಾಚಿದ. "ಕೊಡು ಅರ್ಪಿತಾ, ನಾನು ಹೊರ್ತೀನಿ."

"ಬಿಡಿ, ಇನ್ನೇನು ಒಂದು ಮೈಲಿ," ಎಂದಳು ಅವಳು, ಪಟ್ಟಿಯೊಳಗೆ ಹೆಗಲು ತೂರಿಸುತ್ತ. "ಅಭ್ಯಾಸ ಆಗೋಗಿದೆ." ಕೋಪದಿಂದ ಹೇಳಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಅರ್ಪಿತಾ, ಡೊನಾಲ್ ಇಬ್ಬರೂ ಹೊರಟು ಎಷ್ಟೋ ಹೊತ್ತಾಗಿತ್ತು. ಹೇಮಚಂದ್ರ ಮಂಜಿನಲ್ಲಿ ಕೂತು ಪಶ್ಚಾತ್ತಾಪಪಟ್ಟ. ಬರೀ ಪಟ್ಟರೆ ಸಾಲದು, ಏನಾದರೂ ಮಾಡಬೇಕು ಎನಿಸಿತು. ಚಳಿಯಲ್ಲಿ ಬರುವವಳಿಗೆ ಬಿಸಿ ಪೊಂಗಲ್. ಅಂದಾಜಿನ ಮೇಲೆ ಅಕ್ಕಿ, ಬೇಳೆ, ನೀರು ಹಾಕಿದ. ಟೈಟಾನಿಯಂ ಒಲೆಯ ಮೇಲೆ ಕುಕ್ಕರ್ ಕೂರಿಸಿದ. ಕೊಕ್ಕರೆ ಕಾಲಿನ ಮೇಲೆ ಆನೆ ಕೂತಂತೆ ಕೂತಿತು. ಮುಚ್ಚಳದ ಮೇಲೆ ವೆಯ್ಟ್ ಇಟ್ಟ. ಕೈಕಟ್ಟಿ ನಿಂತ.

ಕುಕ್ಕರ್ ಕೂಗಿತು. ಆ ಕಣಿವೆಯಲ್ಲಿ ಅಂಥ ಸದ್ದು ಹಿಂದೆಂದೂ ಆಗಿರಲಾರದು. ಎದುರಿನ ಬೆಟ್ಟ ಅದನ್ನು ಹಾಗೆಯೇ ವಾಪಸು ಕಳಿಸಿತು. ಕಾಗೆಗಳು ಎದ್ದವು, ಕುರಿಗಳು ಓಡಿದವು. ಒಲೆಯ ತಿರುಪು ಕುಕ್ಕರಿನ ಅಡಿಗೆ ಸಿಕ್ಕಿಕೊಂಡಿದ್ದರಿಂದ ಅವನು ಆರಿಸುವುದರೊಳಗೆ ಇನ್ನೆರಡು ಸಲ ಕೂಗಿತು.

ಟೆಂಟಿನಿಂದ ಮಾನ್ಯಾಳ ತಲೆ ಹೊರಬಂತು. "ಡ್ಯಾಡ್! ಅದು ವಿಶಲ್ ಹೊಡಿಯತ್ತೆ ಅಂತ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಆದರೆ ಹದಿನಾಲ್ಕು ವರ್ಷದಿಂದ ಆ ವಿಶಲ್ ಎಂದರೆ ಅವನ ಪಾಲಿಗೆ ಕೈತೊಳೆದು ತಟ್ಟೆಯ ಮುಂದೆ ಕೂರುವ ಸೂಚನೆ. ಅದೊಂದು ಸದ್ದು ಎಂಬುದು ಇವತ್ತೇ ತಿಳಿದದ್ದು.

ಅರ್ಧ ಗಂಟೆಯ ಮೇಲೆ ಇಬ್ಬರೂ ಬರಿಗೈಯಲ್ಲಿ ಬಂದರು. ಡೊನಾಲ್ ನಗು ತಡೆಯಲು ಬೂಟಿನ ದಾರ ಕಟ್ಟುತ್ತ ಕೂತ. ಅರ್ಪಿತಾ ಒದ್ದೆ ಟೋಪಿ ತೆಗೆದಳು.

"ನಲವತ್ತು ಹೆಜ್ಜೆ ದೂರದಲ್ಲಿತ್ತು ರೀ. ಏನು ಕೊಂಬು ಅಂತೀರಿ. ತಲೆ ಎತ್ತಿ, ಕೂಗೋಕೆ ಅಂತ ಬಾಯಿ ತೆರೀತು," ಎಂದು ಟೋಪಿಯ ನೀರು ಹಿಂಡಿದಳು. "ಕೂಗಿದ್ದು ನಮ್ಮನೆ ಕುಕ್ಕರ್."

ಹೇಮಚಂದ್ರ ಪೊಂಗಲ್ ಬಡಿಸಿದ. ತಳ ಹತ್ತಿತ್ತು. ಆದರೂ ಎಲ್ಲರೂ ತಿಂದರು.

ಇಳಿಯುವಾಗ ದೊಡ್ಡ ಚೀಲವನ್ನು ಅವನೇ ಹೊತ್ತ. ಗೇಟು ಬರುವಷ್ಟರಲ್ಲಿ ಉಸಿರು ಕುಕ್ಕರಿನ ಹಾಗೆ ಬರುತ್ತಿತ್ತು. ಡೊನಾಲ್ ತಕ್ಕಡಿ ಹಿಡಿದು ನೋಡಿದ. ಹನ್ನೆರಡು ಕಿಲೋ. ಜಾಲತಾಣದ ಮಾತು ಸುಳ್ಳಲ್ಲ: ಊಟ, ನೀರು ದಾರಿಯಲ್ಲಿ ಖರ್ಚಾಗುತ್ತವೆ. ಅವನ ಬೆನ್ನಿಗೆ ಬರುವ ಹೊತ್ತಿಗೆ ಮೂರರಲ್ಲೊಂದು ಪಾಲು ತೂಕ ಕರಗಿಹೋಗಿತ್ತು.

ಅರ್ಪಿತಾ ಡೊನಾಲ್‌ನ ಕೈಯಿಂದ ತಕ್ಕಡಿ ಇಸಿದುಕೊಂಡಳು. ತನ್ನ ಹೆಗಲ ಮೇಲಿದ್ದ ಮೂರು ಕಿಲೋ ಒಂಬೈನೂರು ಗ್ರಾಮಿನ ಚೀಲವನ್ನೊಮ್ಮೆ, ಗಂಡನ ಬೆವರನ್ನೊಮ್ಮೆ ನೋಡಿದಳು. ಆಮೇಲೆ ಅವನ ಹಿಂದೆ ಹೋಗಿ ದೊಡ್ಡ ಚೀಲದ ಜಿಪ್ ಎಳೆದಳು.

"ನೂರು ಗ್ರಾಂ ಇದೆ," ಎಂದಳು. "ನಿಮ್ಮ ಬ್ಯಾಗಲ್ಲಿ ಇರ್ಲಿ."