ಹುಲಿಗೆಮ್ಮನಿಗೆ ನಾನು ಹಾಕಿದ ಯೋಜನೆ

ಬೇರೆಯವರ ಮಕ್ಕಳಿಗೆ ಯೋಜನೆ ಹಾಕಿಕೊಡುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ರಾತ್ರಿ ರೊಟ್ಟಿಗೆ ಯಾವ ಪಲ್ಯ ಎಂಬುದು ಸಂಜೆಯವರೆಗೂ ಹೊಳೆಯದ ನನಗೆ ಸರ್ಕಾರ ಈ ಕೆಲಸವನ್ನೇ ಕೊಟ್ಟಿದೆ. ನಾನು ಮಾನ್ವಿ ತಾಲ್ಲೂಕಿನ ವಿಶೇಷ ಶಿಕ್ಷಕಿ. ಸ್ಕೂಟರಿನಲ್ಲಿ ಶಾಲೆಯಿಂದ ಶಾಲೆಗೆ ತಿರುಗುತ್ತ, ಆಟಿಸಂನಂಥ ತೊಂದರೆಯಿರುವ ಒಂದೊಂದು ಮಗುವಿಗೂ ಅದರದೇ ಆದ ಕಲಿಕೆಯ ಯೋಜನೆ ಬರೆಯುತ್ತೇನೆ. "ಊರ ಮಕ್ಕಳ ಚಿಂತಿ ಆತು, ಇವತ್ತ ಪಲ್ಲೆ ಏನವ್ವಾ?" ಎಂದು ರಾಯಚೂರಿನ ನಮ್ಮ ಅತ್ತೆ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಯೋಜನೆ ಇರುವುದಿಲ್ಲ.

ಪೋತ್ನಾಳದ ಆಚೆಯ ಒಂದು ಶಾಲೆಯಲ್ಲಿ ಎರಡನೇ ಇಯತ್ತೆಯ ಹುಲಿಗೆಮ್ಮ ಇದ್ದಾಳೆ. ಅವಳಿಗೆ ಮಾತು ಬರುವುದಿಲ್ಲ, ಆಟಿಸಂ. ಬೇಕಾದದ್ದು ಸಿಗದಿದ್ದರೆ ಚೀರುತ್ತಾಳೆ. ಚೀರುವ ಬದಲು ಚಿತ್ರ ತೋರಿಸಿ ಕೇಳಲಿ ಎಂಬುದೇ ನನ್ನ ಯೋಜನೆ. ಅದಕ್ಕೆಂದು ಅಂದದ ಚಿತ್ರಗಳ ಡಬ್ಬಿಯೊಂದನ್ನು ತರಿಸಿದೆ. ಅದರಲ್ಲಿ ಸ್ಯಾಂಡ್‌ವಿಚ್, ಫೋರ್ಕು, ಹಿಮದಲ್ಲಿ ಆಡುವ ಕೆಂಪು ಟೊಪ್ಪಿಗೆಯ ಮಕ್ಕಳು! ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಬೆವರೊರೆಸಿಕೊಳ್ಳುತ್ತ ಹಿಮ ಕಲಿಸಿದೆ. ಇನ್ನೊಂದು ಚಿತ್ರವನ್ನು ಎಷ್ಟೋ ವಾರ ರೇಡಿಯೋ ಎಂದು ಹೇಳಿಕೊಟ್ಟೆ. ಆಮೇಲೆ ಗೊತ್ತಾಯಿತು, ಅದು ಬ್ರೆಡ್ ಸುಡುವ ಯಂತ್ರವಂತೆ. ಪುಣ್ಯಕ್ಕೆ ಹುಲಿಗೆಮ್ಮ ನನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಡಬ್ಬಿಯನ್ನು ಅಟ್ಟಕ್ಕೆ ಎಸೆದೆ. ಅವಳ ತಾಟು, ನೀರಿನ ಕೊಡ, ಶಾಲೆಯ ಶೌಚಾಲಯ, ಅವಳು ತಿನ್ನುವ ಮಂಡಕ್ಕಿ ಒಗ್ಗರಣಿ-ಮಿರ್ಚಿ, ಕಂಡದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹಿಡಿದು, ಲ್ಯಾಮಿನೇಷನ್ ಮಾಡಿಸಿ ಅವಳ ಕೊರಳಿಗೆ ಗೊಂಚಲಾಗಿ ಹಾಕಿದೆ. ಅವಳು ಅವನ್ನು ಬೀಸಣಿಕೆ ಮಾಡಿಕೊಂಡಳು.

ಅಷ್ಟರಲ್ಲಿ ಹೆಡ್‌ಮಾಸ್ತರರ ತಾಳ್ಮೆ ಮುಗಿದಿತ್ತು. ನನ್ನನ್ನೂ ಅವಳ ತಾಯಿ ದುರ್ಗಮ್ಮನನ್ನೂ ತರಗತಿಗೇ ಕರೆಸಿದರು. "ದಿನಾ ಚೀರತಾಳ್ರಿ ಮೇಡಂ. ಉಳಿದ ಹುಡುಗ್ರಿಗೆ ಪಾಠ ಹೆಂಗ ಮಾಡೋದ್ರಿ? ಮನ್ಯಾಗ ಇಟ್ಕೊಂಡ ಕಲಿಸ್ರಿ."

"ಹಂಗ ಅನಬ್ಯಾಡ್ರಿ ಸರ," ಎಂದಳು ದುರ್ಗಮ್ಮ. "ನಾ ಕೂಲಿಗಿ ಹೋದ್ರ ಮನ್ಯಾಗ ಆಕಿನ್ನ ಯಾರ ನೋಡತಾರ್ರಿ?"

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಹೆದರಿದಾಗ ನಾನು ಭಾಷಣ ಮಾಡುತ್ತೇನೆ. ಮಕ್ಕಳ ಹಕ್ಕಿನಿಂದ ಶುರುಮಾಡಿ ಕಾಯಿದೆ, ಮೆದುಳು, ತಾಳ್ಮೆ ಎಲ್ಲ ಹೇಳಿದೆ. ದನಿ ಏರುತ್ತಲೇ ಹೋಯಿತು. ಹುಲಿಗೆಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಇನ್ನೇನು ಚೀರುತ್ತಾಳೆ, ಕೆಲಸ ಕೆಟ್ಟಿತು ಎಂದುಕೊಂಡೆ.

ಅವಳು ಚೀರಲಿಲ್ಲ. ಎದ್ದು ಬಂದು, ಗೊಂಚಲಿನಿಂದ ಒಂದು ಫೋಟೋ ಹುಡುಕಿ ನನ್ನ ಕೈಗಿಟ್ಟಳು. ನನ್ನ ಸ್ಕೂಟರಿನ ಫೋಟೋ. ಕೂಸಿಗೆ ಒಂದು ಸುತ್ತು ಹೋಗಬೇಕಾಗಿದೆ ಎಂದು ಹಿಗ್ಗಿ ಕೈ ಹಿಡಿದು ಹೊರಗೆ ಕರೆದೊಯ್ದೆ. ಸ್ಕೂಟರಿನ ಮೇಲಿದ್ದ ಹೆಲ್ಮೆಟ್ಟನ್ನು ನನಗೆ ಕೊಟ್ಟು, ತಾನು ತಿರುಗಿ ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ತರರು ಬಿದ್ದು ಬಿದ್ದು ನಕ್ಕರು. "ನಿಮಗ ಹೋಗ್ರಿ ಅಂತಾಳ್ರಿ ಮೇಡಂ! ಚೀರದ ಹೇಳಿದ್ಲು ನೋಡ್ರಿ. ಇರ್ಲಿ ಬಿಡ್ರಿ, ಇಲ್ಲೇ ಕಲೀಲಿ."

ದುರ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಯೋಜನೆ ಗೆದ್ದಿತ್ತಲ್ಲ! ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಹೆಡ್‌ಮಾಸ್ತರರಿಗೆ ಸ್ವಲ್ಪ ಬಿಡಿಸಿ ಹೇಳೋಣವೆಂದು ಒಳಗೆ ಕಾಲಿಟ್ಟೆ. ಹುಲಿಗೆಮ್ಮ ಎದ್ದು ಬಂದು ಅದೇ ಫೋಟೋವನ್ನು ಇನ್ನೊಮ್ಮೆ ನನ್ನ ಮುಖದ ಮುಂದೆ ಹಿಡಿದಳು.